ಅಂಗಡಿ ಬೆಳಕಿನ ಟಿವಿ

ಮೆಲ್ಬರ್ನ್ ಬಳಿಯ ಕ್ರೇಗಿಬರ್ನ್‌ನ ಹೊಸ ಬಡಾವಣೆಯೊಂದರಲ್ಲಿ ಮನೆ ಕಟ್ಟಿಸಿಕೊಂಡ ಎಳೆಯ ದಂಪತಿ ಗೃಹಪ್ರವೇಶದ ಊಟಕ್ಕೆ ಕರೆದಿದ್ದರು. ಎಲೆಗೆ ಎರಡನೇ ಹೋಳಿಗೆ ಬೀಳುವ ಹೊತ್ತಿಗೆ ಆ ಹುಡುಗಿ ಪಕ್ಕಕ್ಕೆ ಬಂದು ನಿಂತಳು. "ಅಂಕಲ್, ಬರೋ ಶನಿವಾರ ಪ್ಲಾಸ್ಮಾ ತಗೊಳ್ಳೋಕೆ ಹೋಗ್ತಿದೀವಿ. ನೀವೂ ಬರ್ಬೇಕು." ಹೋಳಿಗೆ ಇಟ್ಟುಕೊಂಡ ಬಾಯಲ್ಲಿ ಇಲ್ಲ ಎನ್ನುವುದು ಹೇಗೆ? ಆಗಲಮ್ಮ ಎಂದೆ.

ಅಸಲಿಗೆ ಪ್ಲಾಸ್ಮಾ ಟಿವಿ ಅಂಗಡಿಯಿಂದ ಮಾಯವಾಗಿ ಹತ್ತು ವರ್ಷ ದಾಟಿದೆ. ಪ್ಯಾನಸೋನಿಕ್ 2013ರ ಡಿಸೆಂಬರ್‌ಗೆ ಪರದೆ ತಯಾರಿಕೆ ನಿಲ್ಲಿಸಿತು. ಸ್ಯಾಮ್‌ಸಂಗ್, ಎಲ್‌ಜಿ ಕಂಪನಿಗಳು 2014ರ ಕೊನೆಗೆ ಕೈ ತೊಳೆದುಕೊಂಡವು. ವಸ್ತು ಹೋದರೂ ಹೆಸರು ಉಳಿದಿದೆ. ನಮ್ಮೂರಲ್ಲಿ ವನಸ್ಪತಿಗೆಲ್ಲ ಡಾಲ್ಡಾ, ನಕಲು ಪ್ರತಿಗೆಲ್ಲ ಜೆರಾಕ್ಸ್ ಎನ್ನುವಂತೆ, ಗೋಡೆಗೆ ಅಂಟಿಕೊಳ್ಳುವ ದೊಡ್ಡ ಚಪ್ಪಟೆ ಟಿವಿ ಇಲ್ಲಿನ ಎಷ್ಟೋ ಜನರ ಬಾಯಲ್ಲಿ ಇವತ್ತಿಗೂ 'ಪ್ಲಾಸ್ಮಾ'. ನನ್ನನ್ನು ಕರೆದದ್ದಕ್ಕೂ ಒಂದು ಕಾರಣವಿತ್ತು. ಈ ಬೀದಿಗಳಲ್ಲಿ ನಿಜವಾದ ಪ್ಲಾಸ್ಮಾ ಇನ್ನೂ ಉಸಿರಾಡುತ್ತಿರುವ ಕೆಲವೇ ಮನೆಗಳಲ್ಲಿ ನಮ್ಮದೊಂದು.

ಅದನ್ನು ಕೊಂಡದ್ದು 2009ರ ಬಾಕ್ಸಿಂಗ್ ಡೇ ಸೇಲ್‌ನಲ್ಲಿ. ಆಗ ಕ್ರೇಗಿಬರ್ನ್‌ಗೆ ವಿದ್ಯುತ್ ರೈಲು ಬಂದು ಎರಡು ವರ್ಷವಷ್ಟೇ ಆಗಿತ್ತು. ಮೆಲ್ಬರ್ನ್ ನಗರದ ನಡುಮಧ್ಯದಿಂದ ಇಪ್ಪತ್ತೈದು ಕಿಲೋಮೀಟರ್ ಉತ್ತರದ ಈ ಊರಲ್ಲಿ ಮನೆಗಳಿಗಿಂತ ಖಾಲಿ ನಿವೇಶನಗಳೇ ಹೆಚ್ಚು. ಕ್ರೇಗಿಬರ್ನ್ ಸೆಂಟ್ರಲ್ ಎಂಬ ದೊಡ್ಡ ಅಂಗಡಿ ಸಮುಚ್ಚಯ ತೆರೆಯಲು ಇನ್ನೂ ಮೂರು ವರ್ಷ ಇತ್ತು. ಐವತ್ತು ಇಂಚಿನ ಆ ಟಿವಿಯನ್ನು ಇಬ್ಬರು ಹಿಡಿದು ಒಳಗೆ ತಂದೆವು. ಮೂವತ್ತೈದು ಕಿಲೋದ ಹತ್ತಿರ ಭಾರ. ಚಳಿಗಾಲದಲ್ಲಿ ಅದರ ಮುಂದೆ ಕೂತರೆ ಬಚ್ಚಲೊಲೆಯ ಮುಂದೆ ಕೂತ ಹಾಗೆ ಸಣ್ಣಗೆ ಕಾವು. ಹೀಟರ್ ಖರ್ಚು ಉಳಿಯಿತು ಎಂದು ನಾನು, ಆ ಕಾವಿಗೂ ಬಿಲ್ ಬರುತ್ತೆ ಎಂದು ನನ್ನಾಕೆ.

ಪ್ಲಾಸ್ಮಾ ಕತೆ ತಿಳಿದರೆ ಇವತ್ತು ಟಿವಿ ಕೊಳ್ಳುವವರಿಗೆ ಅರ್ಧ ದಾರಿ ಸವೆದಂತೆ. ಹಾಗಾಗಿ ಶನಿವಾರ ಕಾರಿನಲ್ಲಿ ಹೋಗುತ್ತಾ ಆ ದಂಪತಿಗೆ ಅದನ್ನೇ ಹೇಳಿದೆ.

ಇದು ಮನರಂಜನೆಗೆಂದು ಹುಟ್ಟಿದ್ದಲ್ಲ. 1964ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್, ಜೀನ್ ಸ್ಲಾಟೊ ಮತ್ತು ಅವರ ವಿದ್ಯಾರ್ಥಿ ರಾಬರ್ಟ್ ವಿಲ್ಸನ್ ಸೇರಿ ಇದನ್ನು ಕಂಡುಹಿಡಿದರು. ಪ್ಲೇಟೊ ಎಂಬ ಪಾಠ ಹೇಳುವ ಕಂಪ್ಯೂಟರಿಗೆ ಅವರಿಗೊಂದು ಪರದೆ ಬೇಕಿತ್ತು. ಮೊದಮೊದಲು ಕಾಣುತ್ತಿದ್ದದ್ದು ನಿಯಾನ್ ಅನಿಲದ ಕಿತ್ತಳೆ ಬಣ್ಣ ಮಾತ್ರ. ಬಣ್ಣದ ದೊಡ್ಡ ಪರದೆಯಾಗಿ ಅದು ಮನೆಯ ಗೋಡೆ ಏರಿದ್ದು ಮೂರು ದಶಕದ ನಂತರ. 1997ರಲ್ಲಿ ಫುಜಿತ್ಸು, ಫಿಲಿಪ್ಸ್, ಪಯೋನಿಯರ್ ಕಂಪನಿಗಳು 42 ಇಂಚಿನ ಟಿವಿ ಮಾರುಕಟ್ಟೆಗೆ ತಂದವು. ಅಮೆರಿಕದಲ್ಲಿ ಫಿಲಿಪ್ಸ್ ಟಿವಿಯ ಬೆಲೆ ಹದಿನೈದು ಸಾವಿರ ಡಾಲರ್ ಹತ್ತಿರ. ಕಂಡುಹಿಡಿದ ಮೂವರಿಗೆ 2002ರಲ್ಲಿ ಎಮ್ಮಿ ಪ್ರಶಸ್ತಿ ಬಂತು. ನಟರಿಗೆ ಕೊಡುವ ಪ್ರಶಸ್ತಿಯಲ್ಲಿ ಎಂಜಿನಿಯರುಗಳಿಗೂ ಒಂದು ಪಾಲಿದೆ ಎಂದು ನನಗೆ ಗೊತ್ತಾದದ್ದೇ ಆಗ.

ಕೆಲಸ ಮಾಡುವ ಬಗೆ ನಮಗೆಲ್ಲ ಚೆನ್ನಾಗಿ ಪರಿಚಯವಿರುವುದೇ. ಮನೆಯ ಟ್ಯೂಬ್‌ಲೈಟಿನಲ್ಲಿ ಪಾದರಸದ ಆವಿಗೆ ವಿದ್ಯುತ್ ಹರಿದು, ಕಣ್ಣಿಗೆ ಕಾಣದ ಅತಿನೇರಳೆ ಬೆಳಕು ಹುಟ್ಟಿ, ಅದು ಕೊಳವೆಯ ಒಳಗೋಡೆಗೆ ಬಳಿದ ಬಿಳಿ ಪುಡಿಯನ್ನು ಹೊಳೆಯಿಸುತ್ತದಲ್ಲ? ಪ್ಲಾಸ್ಮಾದಲ್ಲೂ ಅದೇ. ಎರಡು ಗಾಜಿನ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಗೂಡುಗಳು, ಗೂಡಿನೊಳಗೆ ನಿಯಾನ್ ಮತ್ತು ಕ್ಸೆನಾನ್ ಅನಿಲ, ಗೋಡೆಗೆ ಕೆಂಪು, ಹಸಿರು ಅಥವಾ ನೀಲಿ ಪುಡಿ. ಫುಲ್ ಎಚ್‌ಡಿ ಪರದೆಯಲ್ಲಿ ಇಂಥ 62 ಲಕ್ಷ ಪುಟ್ಟ ಟ್ಯೂಬ್‌ಲೈಟುಗಳು. ಯಾವುದು ಬೇಡವೋ ಅದನ್ನು ಆರಿಸಿದರೆ ಅಲ್ಲಿ ಕತ್ತಲೆ, ಹೆಚ್ಚುಕಡಿಮೆ ಅಮಾವಾಸ್ಯೆಯಂಥ ಕತ್ತಲೆ. 2007ರಲ್ಲಿ ಪಯೋನಿಯರ್ ಕಂಪನಿ ತನ್ನ ಟಿವಿಗೆ 'ಕುರೊ' ಎಂದು ಹೆಸರಿಟ್ಟಿತು. ಜಪಾನಿ ಭಾಷೆಯಲ್ಲಿ ಕಪ್ಪು ಎಂದರ್ಥ. ಟಿವಿ ಮಾರುವವನು ಹೊಳಪನ್ನು ಬಿಟ್ಟು ಕಪ್ಪನ್ನು ಹೊಗಳಿದ್ದು ಅದೇ ಮೊದಲಿರಬೇಕು.

ಇದರ ಎದುರಾಳಿ ಎಲ್‌ಸಿಡಿ. ಅದರ ಹಿಂದೆ ಸದಾ ಉರಿಯುವ ದೀಪ, ಮುಂದೆ ಲಕ್ಷಾಂತರ ಪುಟ್ಟ ಕಿಟಕಿಗಳು. ಕತ್ತಲೆ ಬೇಕಾದಾಗ ಕಿಟಕಿ ಮುಚ್ಚುತ್ತದೆ, ಆದರೆ ಹಳೇ ಮನೆಯ ಕಿಟಕಿ ಬಾಗಿಲಿನಂತೆ ಸಂದಿಯಲ್ಲಿ ಒಂದಿಷ್ಟು ಬೆಳಕು ಸೋರಿಯೇ ಸೋರುತ್ತದೆ. ಕಪ್ಪು ಬೂದಿಯಾಗಿ ಕಾಣುತ್ತದೆ.

"ಹಾಗಾದ್ರೆ ಪ್ಲಾಸ್ಮಾನೇ ಚೆನ್ನಾಗಿತ್ತಲ್ಲ, ಯಾಕೆ ಹೋಯ್ತು?" ಎಂದು ಹುಡುಗ ಕೇಳಿದ.

ಕಾರಣ ಒಂದಲ್ಲ. ವಿದ್ಯುತ್ ತಿನ್ನುತ್ತಿತ್ತು. ನಮ್ಮದು 400 ವಾಟ್‌ನ ಆಸುಪಾಸು ಎಳೆಯುತ್ತದೆ. ದಿನಕ್ಕೆ ಆರು ಗಂಟೆ ಹಾಕಿದರೆ ವರ್ಷಕ್ಕೆ 876 ಯೂನಿಟ್, ಯೂನಿಟ್ಟಿಗೆ 30 ಸೆಂಟ್ ಹಿಡಿದರೂ 260 ಡಾಲರ್ ಮೇಲೆ. ಆಸ್ಟ್ರೇಲಿಯಾ 2009ರ ಅಕ್ಟೋಬರ್‌ನಿಂದ ಟಿವಿಗಳಿಗೆ ನಕ್ಷತ್ರದ ಚೀಟಿ ಕಡ್ಡಾಯ ಮಾಡಿತು. ಆ ಚೀಟಿಯಲ್ಲಿ ಪ್ಲಾಸ್ಮಾ ಮುಖ ಸಪ್ಪೆ. ಪರದೆ 4ಕೆ ಆಗುತ್ತಾ ಹೋದಂತೆ ಅಷ್ಟು ಚಿಕ್ಕ ಗೂಡುಗಳನ್ನು ಅಗ್ಗವಾಗಿ ಮಾಡುವುದೂ ಕಷ್ಟವಾಯಿತು. ಆದರೆ ನನ್ನ ಲೆಕ್ಕದಲ್ಲಿ ಪ್ಲಾಸ್ಮಾವನ್ನು ಮೊದಲು ಕೊಂದದ್ದು ಅಂಗಡಿಯ ಬೆಳಕು. ಆ ಸೂರಿನ ತುಂಬ ಟ್ಯೂಬ್‌ಲೈಟುಗಳ ಸಾಲು. ಅದರಡಿ ಪ್ಲಾಸ್ಮಾದ ಗಾಜು ಕನ್ನಡಿಯಾಗುತ್ತಿತ್ತು, ಗಿರಾಕಿಗೆ ಚಿತ್ರಕ್ಕಿಂತ ಮೊದಲು ತನ್ನ ಮುಖ ಕಾಣುತ್ತಿತ್ತು. ಪರದೆ ಪೂರ್ತಿ ಬೆಳ್ಳಗಾದಾಗ ವಿದ್ಯುತ್ ಮಿತಿಮೀರದಂತೆ ಪ್ಲಾಸ್ಮಾ ತಾನಾಗಿ ಮಂಕಾಗುತ್ತಿತ್ತು. ಪಕ್ಕದಲ್ಲಿದ್ದ ಎಲ್‌ಸಿಡಿ ಮದುವೆ ಮನೆಯ ಸೀರಿಯಲ್ ಸೆಟ್ಟಿನಂತೆ ಝಗಮಗ. ಜನ ಝಗಮಗವನ್ನೇ ಮನೆಗೆ ಹೊತ್ತರು. ಮನೆಗೆ ಹೋಗಿ ರಾತ್ರಿ ದೀಪ ಆರಿಸಿದ ಮೇಲೆ ಯಾವುದು ಚೆನ್ನ ಎಂದು ಹೋಲಿಸಲು ಇನ್ನೊಂದು ಟಿವಿ ಯಾರ ಮನೆಯಲ್ಲಿತ್ತು?

ಇಲ್ಲಿ ನನಗೆ ನೆನಪಾಗುವುದು ಸೀರೆ ಅಂಗಡಿ. ನನ್ನಮ್ಮ ಮೈಸೂರಿನಲ್ಲಿ ಸೀರೆ ಆರಿಸುವಾಗ ಒಳಗಿನ ದೀಪವನ್ನು ನಂಬಿದವಳೇ ಅಲ್ಲ. ಎರಡು ಸೀರೆ ಎತ್ತಿಕೊಂಡು ಬಾಗಿಲ ಹತ್ತಿರ ಬಂದು, ಹಗಲ ಬೆಳಕಿಗೆ ಸೆರಗು ಹಿಡಿದು, "ಒಳಗೆ ನೇರಳೆ ಅಂದ್ರಲ್ಲಪ್ಪಾ, ಇದು ಕಂದು" ಎಂದು ಹಿಂದಕ್ಕೆ ಕೊಟ್ಟುಬಿಡುತ್ತಿದ್ದಳು. ಎಪ್ಪತ್ತೈದು ಇಂಚಿನ ಟಿವಿಯನ್ನು ಬಾಗಿಲಿಗೆ ಒಯ್ಯುವುದು ಆಗದ ಮಾತು. ಅದಕ್ಕೇ ಅಂಗಡಿಗೆ ಹೋಗುವ ಮೊದಲು ಮನೆಯ ಬೆಳಕನ್ನು ಅಳೆದುಕೊಂಡು ಹೋಗಬೇಕು.

ಮನೆಯ ಬೆಳಕು ಎಂದರೆ ಈ ದೇಶದಲ್ಲಿ ಒಂದು ಸೂಕ್ಷ್ಮವಿದೆ. ಇಲ್ಲಿ ಸೂರ್ಯ ಉತ್ತರದ ಕಡೆಯಿಂದ ಹಾದುಹೋಗುತ್ತಾನೆ. ಊರಲ್ಲಿ ವಾಸ್ತು ಕಲಿತು ಬಂದವರಿಗೆ ಮೊದಲ ವರ್ಷ ದಿಕ್ಕೇ ತಪ್ಪುತ್ತದೆ. ಹೊಸ ಬಡಾವಣೆಯ ಮನೆಗಳಲ್ಲಿ ಅಡುಗೆಮನೆ, ಊಟದ ಮೇಜು, ಸೋಫಾ ಎಲ್ಲ ಒಂದೇ ದೊಡ್ಡ ಹಜಾರದಲ್ಲಿ. ಚಳಿಗಾಲದ ಬಿಸಿಲು ಬೇಕೆಂದು ಅದನ್ನು ಉತ್ತರಕ್ಕೆ ತೆರೆದು, ನೆಲದಿಂದ ಮೇಲಿನವರೆಗೆ ಗಾಜು ಕೂರಿಸುತ್ತಾರೆ. ಬೇಸಿಗೆಯಲ್ಲಿ ಸಂಜೆ ಎಂಟೂವರೆ ದಾಟಿದರೂ ಹೊರಗೆ ಬೆಳಕು. ಇದರ ಜೊತೆಗೆ, ದುಡ್ಡಿದ್ದವರು 'ಥಿಯೇಟರ್ ರೂಮ್' ಎಂದು ಕಿಟಕಿಯಿಲ್ಲದ ಒಂದು ಕೋಣೆಯನ್ನೂ ನಕ್ಷೆಯಲ್ಲಿ ಸೇರಿಸುತ್ತಾರೆ. ಆರು ತಿಂಗಳ ನಂತರ ಅಲ್ಲಿ ಸೂಟ್‌ಕೇಸು, ಬಾಸ್ಮತಿ ಅಕ್ಕಿಯ ಚೀಲ ಕೂತಿರುವುದನ್ನು ನಾನು ಬೇಕಾದಷ್ಟು ಮನೆಗಳಲ್ಲಿ ಕಂಡಿದ್ದೇನೆ.

ಒಂದೇ ಪಂದ್ಯವನ್ನು ಎರಡು ಬೆಳಕಿನಲ್ಲಿ ನೋಡಿದ ಅನುಭವ ನಮಗಿದೆ. 2023ರ ನವೆಂಬರ್ 19, ಅಹಮದಾಬಾದಿನ ವಿಶ್ವಕಪ್ ಫೈನಲ್. ಅಲ್ಲಿ ಮಧ್ಯಾಹ್ನ ಎರಡು ಗಂಟೆ ಎಂದರೆ ಇಲ್ಲಿ ಸಂಜೆ ಏಳೂವರೆ. ಪಡುವಣದ ಬಿಸಿಲು ನಮ್ಮ ಹಜಾರದೊಳಕ್ಕೆ ನುಗ್ಗಿ ಬರುತ್ತಿತ್ತು. ರೋಹಿತ್ ಹೊಡೆದ ಹೊಡೆತಗಳೆಲ್ಲ ಪ್ಲಾಸ್ಮಾದ ಗಾಜಿನ ಮೇಲೆ ನಮ್ಮ ಪರದೆ, ಸೋಫಾ, ಒಗ್ಗರಣೆ ಅವಲಕ್ಕಿಯ ತಟ್ಟೆಯ ಜೊತೆ ಬೆರೆತು ಕಂಡವು. ಬಾಗಿಲ ಪರದೆ ಎಳೆದು, ಅದರ ಮೇಲೆ ಜಮಖಾನ ಹೊದಿಸಿದ ಮೇಲೆ ತುಸು ವಾಸಿ. ಕತ್ತಲಾದ ನಂತರ ನಮ್ಮ ರಾಹುಲ್ 107 ಎಸೆತಕ್ಕೆ 66 ರನ್ ಮಾಡಿದ, ಒಂದೇ ಬೌಂಡರಿ. ಆ ನಿಧಾನದ ಆಟವನ್ನು ಪ್ಲಾಸ್ಮಾ ಎಷ್ಟು ಸೊಗಸಾಗಿ ತೋರಿಸಿತು ಎಂದರೆ ಸಂಕಟ ಇನ್ನಷ್ಟು ಸ್ಪಷ್ಟವಾಯಿತು. ಭಾರತ 240. ರಾತ್ರಿ ಮೂರರ ಹತ್ತಿರ, ಟ್ರಾವಿಸ್ ಹೆಡ್ ಹೊಡೆದ 137ರ ಬಲದಿಂದ ಆಸ್ಟ್ರೇಲಿಯಾ ಪಂದ್ಯ ಮುಗಿಸಿದಾಗ ಎಚ್ಚರವಿದ್ದವರು ಇಬ್ಬರೇ: ಸೋತ ಪಕ್ಷದ ನಾನು, ಗೆದ್ದ ಪಕ್ಷದ ನನ್ನ ಮಗ. ಇಲ್ಲೇ ಹುಟ್ಟಿದವನು, ಹಳದಿ ಅಂಗಿ.

ಕ್ರಿಕೆಟ್ ನೋಡುವ ಮನೆಗಳಿಗೆ ಈ ಬೆಳಕು ದೊಡ್ಡ ವಿಚಾರ. ಮೆಲ್ಬರ್ನ್ ಕ್ರಿಕೆಟ್ ಮೈದಾನದ ಬಾಕ್ಸಿಂಗ್ ಡೇ ಟೆಸ್ಟ್ ಬೆಳಗಿನ ಹತ್ತೂವರೆಗೆ, ಕಣ್ಣು ಕುಕ್ಕುವ ಬೇಸಿಗೆಯಲ್ಲಿ. ಐಪಿಎಲ್ ರಾತ್ರಿ ಪಂದ್ಯ ಶುರುವಾಗುವುದು ಏಪ್ರಿಲ್ ಮೊದಲ ಭಾನುವಾರ ಗಡಿಯಾರ ಹಿಂದಕ್ಕೆ ತಿರುಗಿಸಿದ ಮೇಲೆ ನಮ್ಮ ನಡುರಾತ್ರಿಗೆ, ದೀಪ ಆರಿಸಿ, ದನಿ ತಗ್ಗಿಸಿ. ಹಗಲಿಗೆ ಬೇಕಾದದ್ದು ಹೊಳಪು, ಇರುಳಿಗೆ ಬೇಕಾದದ್ದು ಕಪ್ಪು. ಎರಡೂ ಒಂದೇ ಡಬ್ಬಿಯಲ್ಲಿ ಸಮನಾಗಿ ಸಿಗುವುದು ಅಪರೂಪ.

ಈಗ ಅಂಗಡಿಗಳಲ್ಲಿರುವ ಬಗೆಗಳನ್ನು ಹೀಗೆ ನೋಡಬಹುದು. ಪ್ಲಾಸ್ಮಾದ ನಿಜವಾದ ವಾರಸುದಾರ ಒಎಲ್‌ಇಡಿ. 4ಕೆ ಪರದೆಯ 83 ಲಕ್ಷ ಚುಕ್ಕಿಗಳಲ್ಲಿ ಪ್ರತಿಯೊಂದೂ ತನ್ನಷ್ಟಕ್ಕೆ ಬೆಳಗುತ್ತದೆ, ತನ್ನಷ್ಟಕ್ಕೆ ಆರುತ್ತದೆ. ಕಪ್ಪು ಅಪ್ಪಟ ಕಪ್ಪು, ಪಕ್ಕದಿಂದ ನೋಡಿದರೂ ಬಣ್ಣ ಕೆಡದು. ಬೆಲೆ ಜಾಸ್ತಿ, ಹಗಲಿನ ಹೊಳಪು ಎದುರಾಳಿಗಿಂತ ಕಡಿಮೆ. ಕ್ಯೂಎಲ್‌ಇಡಿ ಎಂಬುದು ಹೆಸರಿನಲ್ಲಿ ಅದರ ಅಣ್ಣತಮ್ಮನಂತಿದೆಯೇ ಹೊರತು ಸಂಬಂಧವಿಲ್ಲ. ಅದೂ ಎಲ್‌ಸಿಡಿಯೇ, ಬಣ್ಣ ಗಾಢವಾಗಲೆಂದು ನಡುವೆ ಕ್ವಾಂಟಮ್ ಡಾಟ್ ಎಂಬ ಪದರ ಸೇರಿಸಿರುತ್ತಾರೆ. ಆ 'ಕ್ಯೂ' ಅಕ್ಷರವನ್ನು 'ಒ' ಎಂದು ಓದಿಕೊಂಡು ದುಡ್ಡು ಕೊಟ್ಟವರು ನನಗೆ ಗೊತ್ತು. ಮೂರನೆಯದು ಮಿನಿ ಎಲ್‌ಇಡಿ: ಇದೂ ಎಲ್‌ಸಿಡಿ, ಆದರೆ ಹಿಂದಿನ ದೀಪವನ್ನು ಸಾವಿರಾರು ಚಿಕ್ಕ ದೀಪಗಳಾಗಿ ಒಡೆದು, ನೂರಾರು ಗುಂಪು ಮಾಡಿ, ಕತ್ತಲಿರುವ ಕಡೆ ಆ ಗುಂಪನ್ನೇ ಆರಿಸುತ್ತಾರೆ. ಹಗಲಲ್ಲಿ ಇದಕ್ಕೆ ಸಾಟಿಯಿಲ್ಲ. ರಾತ್ರಿ ಕಪ್ಪು ಆಕಾಶದಲ್ಲಿ ಚಂದ್ರ ಬಂದರೆ ಅವನ ಸುತ್ತ ದೇವರ ವಿಗ್ರಹದ ಹಿಂದಿನ ಪ್ರಭಾವಳಿಯಂತೆ ಮಬ್ಬು ಬೆಳಕು ಕಾಣಬಹುದು. ಗುಂಪುಗಳು ಹೆಚ್ಚಿದ್ದಷ್ಟೂ ಪ್ರಭಾವಳಿ ಸಣ್ಣದು.

ಇಷ್ಟು ಹೇಳುವಷ್ಟರಲ್ಲಿ ಅಂಗಡಿ ಬಂತು. ಹೆಸರು ಬೇಡ, ಎಲ್ಲ ಅಂಗಡಿಗಳೂ ಈ ವಿಷಯದಲ್ಲಿ ಒಂದೇ ತಾಯಿಯ ಮಕ್ಕಳು.

ಹುಡುಗನ ಕಣ್ಣು ನೇರ ಎಂಬತ್ತೈದು ಇಂಚಿನ ಮೇಲೆ ಹೋಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತಿದೆಯಲ್ಲ, ಟಿವಿಗೆ ಅದನ್ನು ಲೆಕ್ಕದಲ್ಲೇ ಹೇಳಬಹುದು. ಪರದೆಯ ಮೂಲೆಯಿಂದ ಮೂಲೆಗಿರುವ ಉದ್ದವನ್ನು 1.2ರಿಂದ ಗುಣಿಸಿದರೆ ಸಿನಿಮಾ ಮಂದಿರದ ಹಾಗೆ ಕಣ್ತುಂಬ ಕಾಣುವ ದೂರ, 1.6ರಿಂದ ಗುಣಿಸಿದರೆ ಆರಾಮದ ದೂರ. 65 ಇಂಚಿಗೆ ಸುಮಾರು 2 ಮೀಟರಿನಿಂದ 2.6 ಮೀಟರ್, 75 ಇಂಚಿಗೆ 2.3ರಿಂದ 3 ಮೀಟರ್, 85 ಇಂಚಿಗೆ 2.6ರಿಂದ 3.5 ಮೀಟರ್. ಹಜಾರದಲ್ಲಿ ಅವರ ಸೋಫಾ ಗೋಡೆಯಿಂದ ಮೂರು ಮೀಟರ್ ದೂರದಲ್ಲಿತ್ತು, ಆರಾಮವಾಗಿ ನೋಡಲು 75 ಸಾಕು. ಇಂಚು ನೋಡಿ ಮೋಸಹೋಗಬೇಡಿ, 55ರಿಂದ 75ಕ್ಕೆ ಹೋದರೆ ಇಪ್ಪತ್ತು ಇಂಚು ಹೆಚ್ಚಿದಂತೆ ಕೇಳಿಸುತ್ತದೆ. ಪರದೆಯ ವಿಸ್ತೀರ್ಣ ಮಾತ್ರ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಸಿಡ್ನಿಯ ಪರಮಟ್ಟದಲ್ಲಿ ಅಪಾರ್ಟ್‌ಮೆಂಟಿನಲ್ಲಿರುವ ನನ್ನ ಗೆಳೆಯ ಎರಡು ಮೀಟರ್ ದೂರದಿಂದ 75 ಇಂಚು ನೋಡುತ್ತಾನೆ. ಟೆನಿಸ್ ಬಂದರೆ ಅವನ ಕುತ್ತಿಗೆಯೇ ಚೆಂಡಿನ ಹಿಂದೆ ಓಡಾಡಬೇಕು.

ಈ ದೂರದ ಲೆಕ್ಕ ಹೊಸ ಕಾಲದ್ದು. 1975ರ ಆಗಸ್ಟ್‌ನಿಂದ ಒಂದು ವರ್ಷ ಉಪಗ್ರಹದ ಮೂಲಕ ಟಿವಿ ಪಾಠದ ಪ್ರಯೋಗ ನಡೆದಾಗ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಊರಿಗೊಂದು ಪೆಟ್ಟಿಗೆ ಇಟ್ಟಿದ್ದರು. ಊರಿಗೆ ಊರೇ ಅದರ ಮುಂದೆ. 1981ರ ನವೆಂಬರ್ 1ರಂದು ಬೆಂಗಳೂರು ದೂರದರ್ಶನ ಶುರುವಾದ ಮೇಲೂ ನಾವು ನೆರೆಮನೆಯ ಷಟರ್ ಇದ್ದ ಮರದ ಟಿವಿಯ ಮುಂದೆ ಚಾಪೆ ಹಿಡಿಯಲು ಜಗಳವಾಡಿದವರು. ಕೋನ, ದೂರ, ಪ್ರತಿಫಲನ ಯಾವುದೂ ಆಗ ನಮ್ಮನ್ನು ಬಾಧಿಸಲಿಲ್ಲ.

ಅಂಗಡಿಯ ಸೇಲ್ಸ್‌ಮನ್ ಬಹಳ ಹುರುಪಿನವನು. ಗೋಡೆಯ ತುಂಬ ಟಿವಿಗಳಲ್ಲಿ ಒಂದೇ ಚಿತ್ರ: ಹಮ್ಮಿಂಗ್ ಹಕ್ಕಿ, ಹೂವು, ಜೇನು ಸುರಿಯುವುದು. ಜೇನು ಯಾವ ಟಿವಿಯಲ್ಲೂ ಚೆನ್ನಾಗೇ ಕಾಣುತ್ತದೆ. ಹುಡುಗಿಗೆ ನನ್ನಮ್ಮನ ಸೀರೆ ಕತೆ ಮನಸ್ಸಿಗೆ ನಾಟಿತ್ತೆಂದು ಕಾಣುತ್ತದೆ. ಮೊದಲು ರಿಮೋಟ್ ಕೇಳಿದಳು. ಅಂಗಡಿಯ ಟಿವಿಗಳೆಲ್ಲ ಸಾಮಾನ್ಯವಾಗಿ 'ವಿವಿಡ್' ಎಂಬ ಕಣ್ಣು ಚುಚ್ಚುವ ಹೊಂದಿಕೆಯಲ್ಲಿರುತ್ತವೆ. ಅದನ್ನು 'ಸಿನಿಮಾ' ಅಥವಾ 'ಫಿಲ್ಮ್‌ಮೇಕರ್' ಹೊಂದಿಕೆಗೆ ತಿರುಗಿಸಿದರೆ ಮುಖದ ಬಣ್ಣ ಮುಖದ ಬಣ್ಣವಾಗುತ್ತದೆ. ಚಲನೆಯನ್ನು ನುಣುಪು ಮಾಡುವ ಸವಲತ್ತನ್ನೂ ಆರಿಸಿಸಿದಳು. ಅದು ಹಾಕಿದ್ದರೆ ಎಂಥ ಸಿನಿಮಾ ಕೂಡ ಸಂಜೆ ಏಳರ ಧಾರಾವಾಹಿಯಂತೆ ಕಾಣುತ್ತದೆ. ಕ್ರಿಕೆಟ್ಟಿಗೆ ಬೇಕಾದರೆ ಒಂದು ಚೂರು ಇಟ್ಟುಕೊಳ್ಳಬಹುದು.

ನಂತರ ನಾನು ಹೇಳಿದ ಪರೀಕ್ಷೆ. 'ಕಾಂತಾರ'ದ ಟ್ರೇಲರ್ ಹಾಕಿ ಎಂದೆ. ಕತ್ತಲ ಕಾಡು, ದೀವಟಿಗೆ, ಕೋಲದ ಬಣ್ಣ ಹಚ್ಚಿದ ಮುಖ. ಟಿವಿಯನ್ನು ಅಳೆಯಲು ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ತಕ್ಕಡಿ ನನಗೆ ಸಿಕ್ಕಿಲ್ಲ. ಅಗ್ಗದ ಎಲ್‌ಸಿಡಿಯಲ್ಲಿ ಕಾಡು ಬೂದಿ ಬಣ್ಣದ ಗೋಡೆಯಾಯಿತು. ಮಿನಿ ಎಲ್‌ಇಡಿಯಲ್ಲಿ ದೀವಟಿಗೆಯ ಸುತ್ತ ತೆಳು ಪ್ರಭಾವಳಿ, ಆದರೆ ಮರಗಳು ಬೇರೆಬೇರೆ ಕಂಡವು. ಒಎಲ್‌ಇಡಿಯಲ್ಲಿ ಕತ್ತಲೆ ಕತ್ತಲೆಯಾಗಿಯೇ ಇತ್ತು, ಸೂರಿನ ದೀಪಗಳ ಸಾಲು ಮಾತ್ರ ಕಾಡಿನ ನಡುವೆ ಉರಿಯುತ್ತಿತ್ತು. ಹುಡುಗ ಅಲ್ಲೇ ಸೋತುಹೋದ. "ಇದೇ ಅಂಕಲ್, ಥಿಯೇಟರ್ ರೂಮಿಗೆ ಇದೇ."

"ನೀವು ದಿನಾ ಕೂರೋದು ಎಲ್ಲಿ?" ಎಂದೆ.

ಗಂಡಹೆಂಡತಿ ಮುಖ ನೋಡಿಕೊಂಡರು. ಅವಳು ನರ್ಸ್, ಪಾಳಿಯ ಕೆಲಸ. ಅಡುಗೆ ಮಾಡುತ್ತಾ ನೋಡುವುದೇ ಹೆಚ್ಚು. ಅವನು ಮೂರು ದಿನ ಮನೆಯಿಂದಲೇ ದುಡಿಯುವವನು, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್. ಮುಂದಿನ ತಿಂಗಳು ಅವನ ತಾಯಿ ಹಾಸನದಿಂದ ಬರುತ್ತಾರೆ, ಆರು ತಿಂಗಳಿಗೆ. ಅಂದರೆ ಟಿವಿ ಇರಬೇಕಾದದ್ದು ಹಜಾರದಲ್ಲಿ, ಗಾಜಿನ ಬಾಗಿಲ ಎದುರು, ಅಡುಗೆ ಕಟ್ಟೆಗೆ ಓರೆಯಾಗಿ. ಹುಡುಗಿ ಆಗ ಮಾಡಿದ ಕೆಲಸ ನನಗೂ ಹೊಳೆದಿರಲಿಲ್ಲ. ಅಡುಗೆ ಕಟ್ಟೆ ಇರುವಷ್ಟು ಓರೆಗೆ, ಅಂಗಡಿಯ ವಾಷಿಂಗ್ ಮಷೀನುಗಳ ಹತ್ತಿರಕ್ಕೆ ಹೋಗಿ ನಿಂತು ಅಲ್ಲಿಂದ ನೋಡಿದಳು. ಎಷ್ಟೋ ಎಲ್‌ಸಿಡಿ ಪರದೆಗಳು ಎದುರಿಗೆ ಚೆಲುವು, ಪಕ್ಕಕ್ಕೆ ಹೋದರೆ ಒಗೆದು ಒಗೆದು ಮಾಸಿದ ಬಟ್ಟೆ. ಎರಡು ಮಾದರಿಗಳು ಅಲ್ಲೇ ಬಿದ್ದುಹೋದವು.

ಇನ್ನೊಂದು ವಿಷಯವನ್ನು ನಾನು ಹೇಳಲೇಬೇಕಾಯಿತು, ನಮ್ಮ ಮನೆಯ ಗುಟ್ಟು. ನಮ್ಮ ಪ್ಲಾಸ್ಮಾದಲ್ಲಿ ಪರದೆ ಬೆಳ್ಳಗಾದಾಗೆಲ್ಲ ಕೆಳಗೊಂದು ಅಡ್ಡಪಟ್ಟಿಯ ನೆರಳು, ಬಲಗಡೆ ಮೇಲೆ ಒಂದು ಚೌಕ ಕಾಣುತ್ತದೆ. ಅಪ್ಪ ಅಮ್ಮ ಇಲ್ಲಿಗೆ ಬಂದಿದ್ದಾಗ ಅಪ್ಪ ಬೆಳಗಿನ ಕಾಫಿಯಿಂದ ರಾತ್ರಿ ಮಜ್ಜಿಗೆಯವರೆಗೆ ಕನ್ನಡ ಸುದ್ದಿ ಹಾಕಿಕೊಂಡು ಕೂರುತ್ತಿದ್ದರು. ನಮ್ಮ ಸುದ್ದಿ ವಾಹಿನಿಗಳಲ್ಲಿ ಸುದ್ದಿ ಬದಲಾದರೂ ಅದರ ಕೆಂಪು ಪಟ್ಟಿ ಬದಲಾಗುವುದಿಲ್ಲ. 'ಬ್ರೇಕಿಂಗ್' ಎಂಬುದು ಮೂರು ಹೊತ್ತೂ ಒಡೆಯುತ್ತಲೇ ಇರುತ್ತದೆ. ಒಂದೇ ಜಾಗದ ಗೂಡುಗಳು ಒಂದೇ ಬಣ್ಣದಲ್ಲಿ ತಿಂಗಳುಗಟ್ಟಲೆ ಉರಿದರೆ ಅಲ್ಲಿನ ಪುಡಿ ಉಳಿದ ಕಡೆಗಿಂತ ಬೇಗ ಸವೆಯುತ್ತದೆ. ದೇವರ ಪಟ ತೆಗೆದ ಮೇಲೂ ಗೋಡೆಯ ಮೇಲೆ ಅದರ ಅಚ್ಚು ಉಳಿಯುವುದಿಲ್ಲವೆ, ಹಾಗೆ. ಒಎಲ್‌ಇಡಿಯಲ್ಲೂ ಈ ಜಾಡ್ಯ ಇದೆ. ಈಗಿನವು ಚಿತ್ರವನ್ನು ಆಗಾಗ ಒಂದೆರಡು ಚುಕ್ಕಿ ಸರಿಸುವುದು, ಲಾಂಛನವನ್ನು ಮಂಕಾಗಿಸುವುದು ಇತ್ಯಾದಿ ಉಪಾಯ ಮಾಡುತ್ತವೆ, ಸಿನಿಮಾ ಕ್ರಿಕೆಟ್ ಬದಲಿಸಿ ಬದಲಿಸಿ ನೋಡುವವರಿಗೆ ಚಿಂತೆಯಿಲ್ಲ. ದಿನಕ್ಕೆ ಹತ್ತು ಗಂಟೆ ಒಂದೇ ಸುದ್ದಿ ವಾಹಿನಿ ನೋಡುವ ಹಿರಿಯರಿರುವ ಮನೆಗೆ ನಾನು ಒಎಲ್‌ಇಡಿ ಹೇಳುವುದಿಲ್ಲ. ಎಲ್‌ಸಿಡಿ ಜಾತಿಯ ಟಿವಿಗಳಿಗೆ ಆ ಭಯ ಇಲ್ಲ.

ಹಾಗೆ ಉಳಿದದ್ದು 75 ಇಂಚಿನ ಮಿನಿ ಎಲ್‌ಇಡಿ, ಪ್ರತಿಫಲನ ತಗ್ಗಿಸುವ ಲೇಪ ಇರುವುದು, ಓರೆಗೂ ಬಣ್ಣ ಹಿಡಿದಿಡುವುದು. ಪರಮಟ್ಟದ ಗೆಳೆಯನಂಥವರಿಗೆ, ಕೆಲಸದಿಂದ ಕತ್ತಲಾದ ಮೇಲೆ ಬಂದು ಇಬ್ಬರೇ ಸಿನಿಮಾ ನೋಡುವವರಿಗೆ, 55 ಅಥವಾ 65 ಇಂಚಿನ ಒಎಲ್‌ಇಡಿಯೇ ಸರಿ.

ನಾವು ನೋಡುವ ಕನ್ನಡ ಹೇಗಿರುತ್ತದೆ ಎಂಬುದನ್ನೂ ಮರೆಯಬಾರದು. ಇಲ್ಲಿನ ಆ್ಯಂಟೆನಾದಲ್ಲಿ ಎಬಿಸಿ, ಎಸ್‌ಬಿಎಸ್, ಸೆವೆನ್, ನೈನ್, ಟೆನ್ ಬರುತ್ತವೆ. ಎಸ್‌ಬಿಎಸ್‌ನಲ್ಲಿ ಕನ್ನಡ ಇರುವುದು ಕೇಳಲಿಕ್ಕೆ. ನೋಡಲಿಕ್ಕೆ ಕನ್ನಡ ಬೇಕೆಂದರೆ ಇಂಟರ್ನೆಟ್ಟೇ ಗತಿ. ಯೂಟ್ಯೂಬಿನಲ್ಲಿ ಸಿಗುವ ರಾಜಕುಮಾರ್ ಚಿತ್ರಗಳು ಎಷ್ಟೋ ಕಡೆ ಹಳೇ ಕ್ಯಾಸೆಟ್ಟಿನ ಗುಣಮಟ್ಟದವು. ಅವನ್ನು 75 ಇಂಚಿಗೆ ಹಿಗ್ಗಿಸಿದರೆ ಹಿಟ್ಟು ಕಡಿಮೆಯಾದ ರೊಟ್ಟಿಯಂತೆ ತೂತು ಬೀಳುತ್ತದೆ. ಒಳ್ಳೆಯ ಟಿವಿಯ ಚಿಪ್ ಅದಕ್ಕೆ ಒಂದಿಷ್ಟು ತೇಪೆ ಹಾಕಬಲ್ಲದು, ಪವಾಡ ಮಾಡಲಾರದು. ಹೀಗಾಗಿ 8ಕೆ ಎಂದು ಯಾರಾದರೂ ಹೇಳಿದರೆ ಮುಂದಕ್ಕೆ ನಡೆಯಿರಿ. ನಿಮಗೆ ಬೇಕಾದ ಕನ್ನಡ ಆ್ಯಪ್‌ಗಳು ಆ ಟಿವಿಯಲ್ಲಿ ತೆರೆಯುತ್ತವೆಯೇ ಎಂದು ಅಂಗಡಿಯಲ್ಲೇ ನೋಡಿ. ತೆರೆಯದಿದ್ದರೆ ಹಿಂದೆ ಸಿಕ್ಕಿಸುವ ಅಗ್ಗದ ಕಡ್ಡಿಯೊಂದು ಆ ಕೆಲಸ ಮಾಡೀತು. ನಮ್ಮ ಪ್ಲಾಸ್ಮಾ ಇಷ್ಟು ವರ್ಷ ಬದುಕಿದ್ದೇ ಅಂಥ ಕಡ್ಡಿಯ ಊರುಗೋಲಿನಿಂದ.

ದುಡ್ಡು ಕೊಡುವ ಕಟ್ಟೆಯ ಹತ್ತಿರ ಆ ಹುರುಪಿನ ಸೇಲ್ಸ್‌ಮನ್ ಎರಡು ಬಾಣ ಬಿಟ್ಟ. ಒಂದು ನೂರು ಡಾಲರ್ ದಾಟುವ ಎಚ್‌ಡಿಎಂಐ ತಂತಿ. ಅದರಲ್ಲಿ ಹರಿಯುವುದು ಸೊನ್ನೆ ಮತ್ತು ಒಂದು. ತಂತಿಗೆ ಚಿನ್ನ ಬಳಿದರೆ ಒಂದು ಒಂದೂಕಾಲಾಗುವುದಿಲ್ಲ. ಮೇಲ್ದರ್ಜೆಯ 'ಅಲ್ಟ್ರಾ ಹೈ ಸ್ಪೀಡ್' ಮುದ್ರೆ ಇರುವ ಗಿಡ್ಡ ತಂತಿ ಸಾಕು. ಇನ್ನೊಂದು ಹೆಚ್ಚುವರಿ ವಾರಂಟಿ. ಇಲ್ಲಿ ನಾನು ಬಾಯಿ ಹಾಕಿದೆ. 2011ರ ಜನವರಿ 1ರಿಂದ ಜಾರಿಯಲ್ಲಿರುವ ಆಸ್ಟ್ರೇಲಿಯಾದ ಗ್ರಾಹಕ ಕಾನೂನಿನ ಪ್ರಕಾರ, ಕೊಂಡ ವಸ್ತು ಅದರ ಬೆಲೆಗೂ ಬಗೆಗೂ ತಕ್ಕಷ್ಟು ಕಾಲ ಬಾಳಲೇಬೇಕು. ಕಂಪನಿಯ ಒಂದು ವರ್ಷದ ವಾರಂಟಿ ಮುಗಿದರೂ ಆ ಹಕ್ಕು ಮುಗಿಯುವುದಿಲ್ಲ. ಸಾವಿರಾರು ಡಾಲರಿನ ಟಿವಿ ಎರಡನೇ ವರ್ಷ ಕಣ್ಣು ಮುಚ್ಚಿದರೆ ಮೊದಲು ಹೋಗಬೇಕಾದದ್ದು ಕೊಂಡ ಅಂಗಡಿಗೇ. ಕಂಪನಿಯನ್ನು ಕೇಳಿ ಎಂದು ಸಾಗಹಾಕುವಂತಿಲ್ಲ. ಉಚಿತವಾಗಿ ಇರುವುದನ್ನೇ ದುಡ್ಡು ಕೊಟ್ಟು ಯಾಕೆ ಕೊಳ್ಳಬೇಕು? ರಸೀದಿಯ ಫೋಟೋ ತೆಗೆದಿಟ್ಟುಕೊಳ್ಳಿ, ಆ ಕಾಗದದ ಶಾಯಿ ಟಿವಿಗಿಂತ ಬೇಗ ಮಾಸುತ್ತದೆ.

ನಕ್ಷತ್ರದ ಚೀಟಿಯನ್ನೂ ಹುಡುಗಿ ಓದಿದಳು. ಅಲ್ಲೊಂದು ಸೂಕ್ಷ್ಮ: ನಕ್ಷತ್ರ ಕೊಡುವುದು ಪರದೆಯ ಅಳತೆಗೆ ಹೋಲಿಸಿ. ಐದು ನಕ್ಷತ್ರದ ದೊಡ್ಡ ಟಿವಿ ನಾಲ್ಕು ನಕ್ಷತ್ರದ ಚಿಕ್ಕದಕ್ಕಿಂತ ಹೆಚ್ಚು ತಿನ್ನಬಹುದು. ಬಿಲ್ ಕಟ್ಟುವವರು ನೋಡಬೇಕಾದದ್ದು ಚೌಕದೊಳಗೆ ಬರೆದ ವರ್ಷದ ಯೂನಿಟ್ ಲೆಕ್ಕ.

ಟಿವಿಯನ್ನು ಕಾರಿನಲ್ಲಿ ಒಯ್ಯುತ್ತೇನೆಂದು ಹುಡುಗ ಹೊರಟಿದ್ದ. ದೊಡ್ಡ ಪರದೆಯನ್ನು ಮಲಗಿಸಿ ಸಾಗಿಸಿದರೆ ಗಾಜು ಬಿರಿಯುವ ಅಪಾಯ, ನಿಲ್ಲಿಸಿ ಒಯ್ಯುವಷ್ಟು ಎತ್ತರ ಅವನ ಕಾರಿಗಿಲ್ಲ. ಮನೆಗೆ ತಲುಪಿಸಲು ಹೇಳಿದ್ದಾಯಿತು. ಹಳೇ ಟಿವಿ ಕಪಾಟಿನ ಅಳತೆಯೂ ಅಡ್ಡ ಬಂತು. ಈಗಿನ ಎಷ್ಟೋ ಟಿವಿಗಳಿಗೆ ನಡುವೆ ಪೀಠವಿಲ್ಲ, ಎರಡು ತುದಿಗೆ ಎರಡು ಕಾಲು. ಕಪಾಟು ಅಷ್ಟು ಅಗಲ ಇರದಿದ್ದರೆ ಒಂದು ಕಾಲು ಗಾಳಿಯಲ್ಲಿ. ಗೋಡೆಗೆ ಹಾಕೋಣವೆಂದರೆ ಊರಿನ ಇಟ್ಟಿಗೆ ಗೋಡೆಯಲ್ಲ ಇದು, ಎಲ್ಲೆಂದರಲ್ಲಿ ಕೊರೆದು ಗಿಟ್ಟಕ ಬಡಿಯಲು. ಮರದ ಚೌಕಟ್ಟಿಗೆ ಜಿಪ್ಸಮ್ ಹಲಗೆ ಹೊಡೆದ ಗೋಡೆ. 450 ಅಥವಾ 600 ಮಿಲಿಮೀಟರಿಗೊಂದು ಮರದ ಕಂಬ ಇರುತ್ತದೆ. ಕಂಬ ಹುಡುಕಿ ಅದಕ್ಕೇ ಸ್ಕ್ರೂ ಬಿಗಿಯಬೇಕು. ಹಲಗೆಗೆ ಬಿಗಿದವರ ಮನೆಯಲ್ಲಿ ಗೋಡೆಯೂ ಟಿವಿಯೂ ಒಟ್ಟಿಗೆ ನೆಲಕ್ಕೆ ಬಂದದ್ದುಂಟು. ಕಪಾಟಿನ ಮೇಲೇ ಇಡುವುದಾದರೆ ಮಕ್ಕಳಿರುವ ಮನೆಯವರು ಟಿವಿಗೂ ಕಪಾಟಿಗೂ ಪಟ್ಟಿ ಕಟ್ಟಿ ಗೋಡೆಗೆ ಬಿಗಿಯಬೇಕು. ಎತ್ತರ, ಕೂತವರ ಕಣ್ಣಿನ ಮಟ್ಟ. ಅಗ್ಗಿಷ್ಟಿಕೆಯ ಮೇಲೆ ಏರಿಸುವುದು ಚಿತ್ರದಲ್ಲಿ ಚೆಂದ, ಕುತ್ತಿಗೆಗೆ ಅಲ್ಲ.

"ನಿಮ್ಮ ಪ್ಲಾಸ್ಮಾ ಏನ್ಮಾಡ್ತೀರಾ ಅಂಕಲ್?" ಎಂದು ಹಿಂದಿರುಗುವಾಗ ಹುಡುಗಿ ಕೇಳಿದಳು. ವಿಕ್ಟೋರಿಯಾದಲ್ಲಿ 2019ರ ಜುಲೈ 1ರಿಂದ ಟಿವಿಯನ್ನು ಕಸದ ತೊಟ್ಟಿಗೆ ಹಾಕುವಂತಿಲ್ಲ. ಮನೆಯಿಂದ ಸ್ವಲ್ಪ ದೂರದ ಕ್ಯಾಂಪ್‌ಬೆಲ್‌ಫೀಲ್ಡ್‌ನಲ್ಲಿ ಹ್ಯೂಮ್ ಕೌನ್ಸಿಲ್‌ನವರ ಮರುಬಳಕೆ ಕೇಂದ್ರವಿದೆ, ಅಲ್ಲಿಗೆ ಒಯ್ಯಬೇಕು. ಒಯ್ಯುತ್ತೇನೆ ಎಂದು ಎರಡು ವರ್ಷದಿಂದ ನನ್ನಾಕೆಗೆ ಹೇಳುತ್ತಲೇ ಇದ್ದೇನೆ. ಸದ್ಯಕ್ಕೆ ಅದು ಗ್ಯಾರೇಜಿಗೆ ಹೋಗುವುದೆಂದು ತೀರ್ಮಾನ. ಕಿಟಕಿಯಿಲ್ಲದ, ಚಳಿಯ ಜಾಗ. ಕಪ್ಪಿಗೂ ಕಾವಿಗೂ ಅದಕ್ಕಿಂತ ಒಳ್ಳೆಯ ಕೋಣೆ ನಮ್ಮ ಮನೆಯಲ್ಲಿ ಇನ್ನೊಂದಿಲ್ಲ.

ತಿಂಗಳ ನಂತರ ಫೋನ್ ಮಾಡಿ, ಹೊಸ ಟಿವಿಯಲ್ಲಿ ಕಾಂತಾರ ನೋಡಿದಿರಾ ಎಂದು ವಿಚಾರಿಸಿದೆ.

"ಎಲ್ಲಿ ಅಂಕಲ್, ನಮ್ಮತ್ತೆ ಬಂದ ದಿನದಿಂದ ನ್ಯೂಸ್ ಬಿಟ್ಟು ಇನ್ನೊಂದು ಹಾಕಿಲ್ಲ. ಕೆಂಪು ಪಟ್ಟಿ ಮಾತ್ರ ಅಡುಗೆಮನೆಯಿಂದಲೂ ತುಂಬಾ ಚೆನ್ನಾಗಿ ಕಾಣುತ್ತೆ."